ಮೂವತ್ತಾರು ಮೀಟರು, ಮೂರು ಸೆಕೆಂಡು

ಸಂಜೆ ಆರೂಮುಕ್ಕಾಲು. ಮೈಸೂರಿನಲ್ಲಿ ಹುಣಸೂರು ರಸ್ತೆ ಬಿಟ್ಟು ಕಾಳಿದಾಸ ರಸ್ತೆಗೆ ಬಂದಿದ್ದೀರಿ. ಜಯಲಕ್ಷ್ಮೀಪುರಂ ದಾಟುವ ಹೊತ್ತಿಗೆ ಸಣ್ಣಗೆ ಹನಿ ಶುರುವಾಗಿದೆ. ವೈಪರ್ ಹಾಕಿದರೆ ಗಾಜು ಕಿರ್ ಅನ್ನುತ್ತದೆ, ಹಾಕದಿದ್ದರೆ ಎದುರಿನ ಬೈಕುಗಳ ಲೈಟು ಗಾಜಿನ ತುಂಬ ಹರಡಿಕೊಳ್ಳುತ್ತದೆ. ಪಕ್ಕದ ಸೀಟಿನಲ್ಲಿ ಸೋದರಮಾವ. ತೊಡೆಯ ಮೇಲೆ ಬಟ್ಟೆಯ ಕೈಚೀಲ. ಅದರಲ್ಲಿ ಹಳೆಯ ಇಸಿಜಿ ಪಟ್ಟಿಗಳು, ಮಾತ್ರೆ ಡಬ್ಬಿ, ಈ ವರ್ಷದ ಒಂಟಿಕೊಪ್ಪಲ್ ಪಂಚಾಂಗ. ನಾಳೆ ಬೆಳಿಗ್ಗೆ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಯಲ್ಲಿ ತೋರಿಸಬೇಕು. ಇವತ್ತು ರಾತ್ರಿಗೆ ಒಂಟಿಕೊಪ್ಪಲಿನಲ್ಲಿ ದೊಡ್ಡಮ್ಮನ ಮನೆ. ಹೊಸ ಮನೆ, ನೀವು ನೋಡಿಲ್ಲ. “ಸರ್ಕಲ್ ಹತ್ರ ಬೋರ್ಡ್ ಇದೆ, ನೋಡ್ಕೊಂಡು ತಿರುಕ್ಕೋ” ಅಂತ ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದಾರೆ.

ಬೋರ್ಡು ಬಂತು. ಮರದ ಕೊಂಬೆಯ ಮರೆಯಿಂದ ಧುತ್ತನೆ. ಎರಡು ಭಾಷೆ, ನಾಲ್ಕು ಹೆಸರು, ಮೂರು ಬಾಣ. ನೀವು ಕಣ್ಣೆತ್ತಿದಿರಿ. ಅಷ್ಟರಲ್ಲಿ ಮುಂದಿನ ಆಟೋದ ಬ್ರೇಕ್ ಲೈಟು ಕೆಂಪಾಯಿತು. ಕಣ್ಣು ಕೆಳಗೆ. ಮತ್ತೆ ಮೇಲೆ. ಬಾಣವೊಂದು ಕಂಡಿತು, ಅದರ ಪಕ್ಕ ಏನೋ ಉದ್ದನೆಯ ಹೆಸರು. ಬೋರ್ಡು ತಲೆಯ ಮೇಲಿಂದ ಹೋಯಿತು.

“ಏನಂತ ಬರ್ದಿತ್ತೋ?”

“ನೀವು ನೋಡ್ಲಿಲ್ವಾ ಮಾವ?”

“ನನಗೆ ಬೆಳಕು ಕಾಣ್ತು, ಅಕ್ಷರ ಕಾಣ್ಲಿಲ್ಲ.”

ಈಗ ನಡೆದದ್ದನ್ನು ಲೆಕ್ಕಕ್ಕೆ ಇಳಿಸೋಣ. ಅಮೆರಿಕದ ರಸ್ತೆ ಎಂಜಿನಿಯರುಗಳು ಇಟ್ಟುಕೊಂಡಿರುವ ಒಂದು ಅಂದಾಜಿದೆ: ಅಕ್ಷರದ ಎತ್ತರ ಒಂದು ಇಂಚಿದ್ದರೆ ಮೂವತ್ತು ಅಡಿ ದೂರದಿಂದ ಓದಬಹುದು. ನಮ್ಮ ಅಳತೆಯಲ್ಲಿ, 10 ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ ಸುಮಾರು 36 ಮೀಟರ್. ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಹಾಗಾಗಿ ಓದಲು ನಿಮಗಿದ್ದದ್ದು ಮೂರು ಸೆಕೆಂಡು ಚಿಲ್ಲರೆ. ಅದರಲ್ಲೂ ಕೊನೆಯ ತುಣುಕು ದಂಡ. ಬೋರ್ಡು ಹತ್ತಿರವಾದಾಗ ಅದನ್ನು ನೋಡಲು ಕತ್ತು ಎತ್ತಬೇಕು, ಕತ್ತು ಎತ್ತಿದರೆ ರಸ್ತೆ ಕಾಣದು. ಉಳಿದ ಎರಡು ಸೆಕೆಂಡಿನಲ್ಲಿ ಆಟೋಗೆ ಒಂದು ಪಾಲು, ಎಡಕ್ಕೆ ನುಗ್ಗಿದ ಸ್ಕೂಟರಿಗೆ ಒಂದು ಪಾಲು, ಕನ್ನಡಿಗೆ ಒಂದು ಪಾಲು. ಬೋರ್ಡಿಗೆ ಸಿಕ್ಕಿದ್ದು ಎರಡು ನೋಟ.

ಒಂದು ನೋಟವೆಂದರೆ ಎಷ್ಟು? ಓದುವಾಗ ಕಣ್ಣು ಹರಿಯುವುದಿಲ್ಲ, ಜಿಗಿಯುತ್ತದೆ. ಜಿಗಿಯುವಾಗ ಏನೂ ದಕ್ಕದು, ನಿಂತಾಗಲೇ ಕಾಣುವುದು. ಒಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ಕಾರು ಹೆಚ್ಚುಕಡಿಮೆ ಮೂರು ಮೀಟರ್ ಮುಂದೆ. ಅಕ್ಷರದ ಅಂಚು ಖಚಿತವಾಗಿ ಕಾಣುವುದು ಕಣ್ಣಿನ ನಟ್ಟನಡುವೆ ಮಾತ್ರ. ತೋಳು ನೇರ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ; ಅದರ ಅಗಲದಷ್ಟೇ ಆ ಜಾಗ. ಮಿಕ್ಕದ್ದೆಲ್ಲ ಮಸುಕು. ಆ ಹೆಬ್ಬೆರಳಗಲದೊಳಗೆ ಅಕ್ಷರ ತನ್ನ ಗುರುತು ಹೇಳಿಬಿಡಬೇಕು.

ಮುಂದೆ ಜಾಗ ನೋಡಿ ಕಾರು ನಿಲ್ಲಿಸುತ್ತೀರಿ. ಬೋರ್ಡಿನ ಮುಖ ಕಾಣುವಷ್ಟು ಹಿಂದಕ್ಕೆ ನಡೆದು, ಟೀ ಅಂಗಡಿಯ ತಗಡಿನ ಸೂರಿನ ಕೆಳಗೆ ನಿಂತು ಮಾವ ಬೋರ್ಡಿನತ್ತ ತಿರುಗುತ್ತಾರೆ. ಅವರು ಮೂವತ್ತು ವರ್ಷ ಕಂಪೋಸಿಟರ್ ಆಗಿದ್ದವರು. ಅಚ್ಚುಮೊಳೆ ಉಲ್ಟಾ ಹಿಡಿದು ಓದಿದ ಕಣ್ಣು. ಪಂಚಾಂಗದ ಒತ್ತೊತ್ತಾದ ಕೋಷ್ಟಕದಲ್ಲಿ ನಕ್ಷತ್ರದ ಗಳಿಗೆ ವಿಗಳಿಗೆಯನ್ನು ಭೂತಗಾಜು ಹಿಡಿದು ಈಗಲೂ ಹೆಕ್ಕುತ್ತಾರೆ. ಅದಕ್ಕೆ ಅವರಿಗೆ ಹೊತ್ತಿದೆ, ಮೇಜಿದೆ, ದೀಪವಿದೆ. ಇಲ್ಲಿ ಅವರೂ ಕೈಚೆಲ್ಲಿದ್ದರು.

“ನೋಡು, ಈ ಬೋರ್ಡಲ್ಲಿ ಇಂಗ್ಲಿಷ್ ಅಕ್ಷರ ಎಷ್ಟು ಎತ್ತರ ಇದೆ, ಕನ್ನಡವೂ ಅಷ್ಟೇ ಎತ್ತರ ಇದೆ. ಅಳ್ತೆಪಟ್ಟಿ ಹಿಡಿದೋನಿಗೆ ಸಮಾಧಾನ. ಆದ್ರೆ ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬರ್ಬೇಕು, ಕೆಳಗೆ ಒತ್ತು ಬರ್ಬೇಕು. ಅದಕ್ಕೆಲ್ಲ ಜಾಗ ಕೊಟ್ಟು ಉಳಿದದ್ರಲ್ಲಿ ಮೈ. ‘ಒಂಟಿಕೊಪ್ಪಲ್’ ಅಂತ ಬರಿ. ‘ಪ್ಪ’ದ ಒತ್ತು ಮಗು ಸೊಂಟಕ್ಕೆ ಜೋತುಬಿದ್ದಂಗೆ ಕೆಳಗೆ ಇಳಿಯುತ್ತೆ. ಆ ಒಂದು ಒತ್ತಿಗಾಗಿ ಇಡೀ ಸಾಲು ಕುಗ್ಬೇಕು.”

ಮಾವ ಹೇಳುವುದು ಸರಿ. ಇಂಗ್ಲಿಷಿನ ದೊಡ್ಡಕ್ಷರದ ಸಾಲು ಸಿಕ್ಕ ಎತ್ತರವನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ಕನ್ನಡದ ಸಾಲಿಗೆ ಅದೇ ಎತ್ತರ ಕೊಟ್ಟರೆ ‘ಪ’ ಅನ್ನುವ ಮೈಗೆ ಅರ್ಧಕ್ಕೆ ತುಸು ಹೆಚ್ಚು ದಕ್ಕೀತು. ಒತ್ತಿನ ಪಾಲಿಗೆ ಅದಕ್ಕಿಂತ ಕಡಿಮೆ. 36 ಮೀಟರಿನ ಲೆಕ್ಕ ಹಾಕಿದ್ದು ಹತ್ತು ಸೆಂಟಿಮೀಟರಿನ ಇಂಗ್ಲಿಷ್ ಅಕ್ಷರಕ್ಕೆ. ಐದಾರು ಸೆಂಟಿಮೀಟರಿನ ‘ಪ’ಕ್ಕೆ ಇಪ್ಪತ್ತು ಮೀಟರ್ ಸಿಕ್ಕರೆ ಪುಣ್ಯ. ಇಪ್ಪತ್ತು ಮೀಟರ್ ಅಂದರೆ ಎರಡು ಸೆಕೆಂಡೂ ಇಲ್ಲ.

ಒಂದು ಕಾರು ತಿರುವಿನಿಂದ ಬರುತ್ತದೆ. ಅದರ ಹೆಡ್‌ಲೈಟು ಬೋರ್ಡಿನ ಮೇಲೆ ಬಿದ್ದಾಗ ಅದನ್ನು ಓಡಿಸುವವರ ಕಣ್ಣಿಗೆ ಅಕ್ಷರಗಳು ಒಮ್ಮೆಲೇ ಉರಿದಂತೆ ಬೆಳ್ಳಗಾಗುತ್ತವೆ. ಬೋರ್ಡಿಗೆ ಹಚ್ಚಿರುವ ಹಾಳೆಯ ಗುಣವದು. ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ, ಚಾಲಕನ ಕಣ್ಣಿಗೇ ವಾಪಸು ಕಳಿಸುತ್ತದೆ. ವರವೂ ಅದೇ, ಕಾಟವೂ ಅದೇ. ಉರಿಯುವ ಗೆರೆ ತನ್ನ ಗಡಿ ದಾಟಿ ಪಕ್ಕದ ಕತ್ತಲಿಗೆ ಚೆಲ್ಲುತ್ತದೆ, ಸಣ್ಣ ಸಂದುಗಳು ಮುಚ್ಚಿಕೊಳ್ಳುತ್ತವೆ. ವಯಸ್ಸಾದ ಕಣ್ಣಿಗೆ ಈ ಚೆಲ್ಲಾಟ ಇನ್ನೂ ಜಾಸ್ತಿ. ಕನ್ನಡದಲ್ಲಿ ಅರ್ಥ ಕೂತಿರುವುದೇ ಸಂದುಗಳಲ್ಲಿ. ‘ದ’ದ ಕೆಳಗೆ ಒಂದು ಸೀಳು ಕೊಟ್ಟರೆ ‘ಧ’. ‘ಪ’ಕ್ಕೆ ಸೀಳಿದರೆ ‘ಫ’. ‘ರ’ದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇಟ್ಟರೆ ‘ಠ’. ‘ಎ’ಗೂ ‘ಏ’ಗೂ ನಡುವೆ ಇರುವುದು ಒಂದು ಸಣ್ಣ ಕುಡಿ. ‘ಮ’ ಮತ್ತು ‘ವು’ ಎರಡನ್ನೂ ಪಕ್ಕಪಕ್ಕ ಬರೆದು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ.

“ಪ್ರೂಫ್ ನೋಡೋವಾಗ ಈ ಮ-ವು ನನ್ನ ಜೀವ ತಿಂದಿದೆ,” ಅನ್ನುತ್ತಾರೆ ಮಾವ, ಟೀ ಲೋಟ ಎತ್ತುತ್ತಾ.

ಇದೇ ತೊಂದರೆಗೆ ಬೇರೆಯವರು ಏನು ಮಾಡಿದರು ನೋಡಬೇಕು. ಬ್ರಿಟನ್ನಿನಲ್ಲಿ ಮೊದಲ ಮೋಟಾರು ಹೆದ್ದಾರಿ, ಪ್ರೆಸ್ಟನ್ ಬೈಪಾಸ್, 1958ರ ಡಿಸೆಂಬರಿನಲ್ಲಿ ತೆರೆಯಿತು. ಆ ವೇಗಕ್ಕೆ ಹಳೆಯ ಬೋರ್ಡುಗಳು ಸಾಲವು ಅಂತ ಜಾಕ್ ಕಿನ್ನೀರ್, ಮಾರ್ಗರೆಟ್ ಕ್ಯಾಲ್ವರ್ಟ್ ಎಂಬಿಬ್ಬರು ಹೊಸ ಅಕ್ಷರ ಬರೆದರು: ಮೊದಲ ಅಕ್ಷರ ದೊಡ್ಡದು, ಉಳಿದದ್ದು ಸಣ್ಣಕ್ಷರ, ಗೆರೆಗಳ ತುದಿಗೆ ಯಾವ ಅಲಂಕಾರವೂ ಇಲ್ಲ. ಕಲ್ಲಿನಲ್ಲಿ ಅಕ್ಷರ ಕೆತ್ತುವ ಡೇವಿಡ್ ಕಿಂಡರ್ಸ್‌ಲಿ ಒಪ್ಪಲಿಲ್ಲ. ತುದಿಗೆ ಪಾದವಿರುವ, ಪೂರ್ತಿ ದೊಡ್ಡಕ್ಷರದ ತನ್ನದೇ ಮಾದರಿ ತಂದಿಟ್ಟ. ಜಗಳ ಪತ್ರಿಕೆಗಳಿಗೂ ಹೋಯಿತು. ಕಡೆಗೆ 1961ರಲ್ಲಿ ಬೆನ್ಸನ್ ಎಂಬಲ್ಲಿನ ವಿಮಾನ ನೆಲೆಯಲ್ಲಿ ಪರೀಕ್ಷೆ. ಬಯಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತ ಜನ. ಕಾರಿನ ತಲೆಯ ಮೇಲೆ ಬೋರ್ಡು ಕಟ್ಟಿಕೊಂಡು ಅವರ ಕಡೆಗೇ ಓಡಿಸಿಕೊಂಡು ಬರುವುದು. ಓದಲು ಬಂದ ಕ್ಷಣ ಅವರು ತಿಳಿಸಬೇಕು. ಇಲ್ಲಿ ಓದುವವರು ಕದಲಲಿಲ್ಲ, ಬೋರ್ಡೇ ಓಡಿತು. ಫಲಿತಾಂಶ ಬಂದಾಗ ಕಿಂಡರ್ಸ್‌ಲಿಯ ಅಕ್ಷರವೇ ಕೂದಲೆಳೆಯಷ್ಟು ಮುಂದೆ, ಶೇಕಡಾ ಮೂರರ ಆಸುಪಾಸು. ಆದರೂ ಸರ್ಕಾರ ಆರಿಸಿದ್ದು ಕಿನ್ನೀರ್ ಜೋಡಿಯದ್ದನ್ನು. ಅಷ್ಟು ಸಣ್ಣ ಅಂತರಕ್ಕಿಂತ ನೋಟದ ಅಂದ ಮುಖ್ಯ ಅಂದುಕೊಂಡರು. 1965ರ ಜನವರಿ 1ರಿಂದ ಬ್ರಿಟನ್ನಿನ ಎಲ್ಲ ರಸ್ತೆಗೂ ಅದೇ ಬಂತು.

ನನಗಿಲ್ಲಿ ಹಿಡಿಸುವುದು ಗೆದ್ದವರು ಯಾರು ಅನ್ನುವುದಲ್ಲ. ಒಂದು ಅಕ್ಷರಕ್ಕಾಗಿ ವಿಮಾನ ನೆಲೆ ಬಿಟ್ಟುಕೊಟ್ಟರಲ್ಲ, ಅದು.

ಅಮೆರಿಕದ ಕತೆ ಇನ್ನೂ ಸ್ವಾರಸ್ಯ. ಅಲ್ಲಿನ ಹೆದ್ದಾರಿ ಅಕ್ಷರ ರಾತ್ರಿ ಹೊತ್ತು ಒಳಗಿನ ಸಂದು ಮುಚ್ಚಿಕೊಂಡು ಮುದ್ದೆಯಾಗುತ್ತದೆ ಅಂತ ಡಾನ್ ಮೀಕರ್, ಜೇಮ್ಸ್ ಮೊಂಟಾಲ್ಬಾನೊ ಹೊಸದೊಂದನ್ನು ಬರೆದರು. ಹೆಸರು ಕ್ಲಿಯರ್‌ವ್ಯೂ. ಸಂದುಗಳನ್ನು ಅಗಲಿಸಿದರು, ಸಣ್ಣಕ್ಷರದ ಮೈ ಎತ್ತರಿಸಿದರು. 2004ರಲ್ಲಿ ಅಲ್ಲಿನ ಕೇಂದ್ರ ಹೆದ್ದಾರಿ ಇಲಾಖೆಯ ಒಪ್ಪಿಗೆ ಸಿಕ್ಕಿತು, ರಾಜ್ಯಗಳು ಬೋರ್ಡು ಬದಲಿಸಿದವು. 2016ರಲ್ಲಿ ಅದೇ ಇಲಾಖೆ ಒಪ್ಪಿಗೆ ಹಿಂತೆಗೆದುಕೊಂಡಿತು. ಕಾರಣ, ಚೆನ್ನಾಗಿ ಕಂಡದ್ದರಲ್ಲಿ ಬಹುಪಾಲು ಹೊಸ ಹಾಳೆಯ ಮಹಿಮೆ, ಅಕ್ಷರದ್ದಲ್ಲ ಎಂಬ ವಾದ. ಬಿಳಿ ಹಿನ್ನೆಲೆಯ ಕಪ್ಪಕ್ಷರದ ಬೋರ್ಡುಗಳಲ್ಲಂತೂ ಅದು ಹಳೆಯದಕ್ಕಿಂತ ಹಿಂದೆ ಬಿತ್ತು. 2018ರಲ್ಲಿ ಮತ್ತೆ ಒಪ್ಪಿಗೆ. ಅಕ್ಷರ ಚಂದ ಮಾಡಿದರೆ ಸಾಕು ಅನ್ನುವವರೂ ಹೊಳೆಯುವ ಹಾಳೆ ಹಾಕಿದರೆ ಸಾಕು ಅನ್ನುವವರೂ ಇದನ್ನೊಂದು ಸಲ ಓದಬೇಕು.

ಮತ್ತೆ ಕಾರಿಗೆ ಹತ್ತಿದಿರಿ. ಹನಿ ನಿಂತಿದೆ. ಮುಂದೆ ಒಂದು ಸಿಟಿ ಬಸ್ಸು. ಅದರ ಹಿಂದಿನ ಚುಕ್ಕಿ ದೀಪದ ಬೋರ್ಡಿನಲ್ಲಿ ಊರಿನ ಹೆಸರು ಬಲದಿಂದ ಎಡಕ್ಕೆ ಓಡುತ್ತಿದೆ. ಇದ್ದಬದ್ದ ಕೆಲವೇ ಸಾಲು ಚುಕ್ಕಿಗಳಲ್ಲಿ ಗುಡಿಸನ್ನೂ ಕೂರಿಸಬೇಕು, ಒತ್ತನ್ನೂ ಕೂರಿಸಬೇಕು. ‘ಪ್ಪ’ದ ಒತ್ತಿಗೆ ಸಿಕ್ಕಿದ್ದು ನಾಲ್ಕೈದು ಚುಕ್ಕಿ. ಅದರ ಮೇಲೆ ಓಟ ಬೇರೆ. ನೀವು ಕಣ್ಣೆತ್ತಿದಾಗ ಹೆಸರಿನ ಬಾಲ ಕಂಡಿತು. ತಲೆ ಕಾಣಬೇಕಾದರೆ ಕಾಯಬೇಕು. ಕಾಯುವುದು ಬಸ್ ಸ್ಟಾಪಿನಲ್ಲಿ ನಿಂತವರಿಗಾದೀತು, ಹಿಂದೆ ಕಾರು ಓಡಿಸುವವರಿಗಾಗದು.

ಡ್ಯಾಶ್‌ಬೋರ್ಡಿನಲ್ಲಿ ಫೋನು. ಮ್ಯಾಪು ಬಲಕ್ಕೆ ತಿರುಗು ಅನ್ನುತ್ತಿದೆ. ರಸ್ತೆಯ ಹೆಸರು ಕೂದಲಿನಷ್ಟು ಸಣ್ಣ ಗೆರೆಯ ಅಕ್ಷರದಲ್ಲಿ. ಬಗ್ಗಿ ನೋಡುತ್ತೀರಿ.

“ರಸ್ತೆ ನೋಡೋ!”

ಮಾವನ ಗದರಿಕೆಗೆ ಲೆಕ್ಕದ ಬೆಂಬಲವಿದೆ. ಕಣ್ಣು ಎರಡು ಸೆಕೆಂಡಿಗಿಂತ ಹೆಚ್ಚು ರಸ್ತೆ ಬಿಟ್ಟರೆ ಅಪಘಾತದ ಸಂಭವ ಹೆಚ್ಚುಕಡಿಮೆ ಇಮ್ಮಡಿ ಅಂತ ಅಮೆರಿಕದಲ್ಲಿ ನೂರು ಕಾರುಗಳಿಗೆ ಕ್ಯಾಮೆರಾ ಕೂರಿಸಿ ನೋಡಿದ ಅಧ್ಯಯನ ಹೇಳಿತ್ತು. 40ರ ವೇಗದಲ್ಲಿ ಎರಡು ಸೆಕೆಂಡು ಅಂದರೆ 22 ಮೀಟರ್ ಕುರುಡು ಓಟ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರಲ್ಲಿದ್ದರೆ 55 ಮೀಟರ್.

ಪರದೆಯ ಅಕ್ಷರಕ್ಕೆ ಇದರಲ್ಲಿ ಪಾಲಿದೆಯೇ ಅಂತ ಎಂಐಟಿಯ ಏಜ್‌ಲ್ಯಾಬ್, ಮೊನೊಟೈಪ್ ಕಂಪನಿಯ ಜೊತೆ ಸೇರಿ 2012ರಲ್ಲಿ ನೋಡಿತು. ಕಾರು ಓಡಿಸುವ ಸಿಮ್ಯುಲೇಟರಿನಲ್ಲಿ ಜನರನ್ನು ಕೂರಿಸಿ, ಪರದೆಯ ಪಟ್ಟಿಯಿಂದ ವಿಳಾಸ ಆರಿಸಲು ಹೇಳಿದರು. ಒಮ್ಮೆ ಚೌಕಚೌಕದ, ಬಾಯಿ ಮುಚ್ಚಿದ ಯೂರೋಸ್ಟೈಲ್ ಅಕ್ಷರ. ಇನ್ನೊಮ್ಮೆ ಬಾಯಿ ತೆರೆದ, ಕೈಬರಹದ ನೆನಪಿರುವ ಫ್ರೂಟಿಗರ್. ಗಂಡಸರಲ್ಲಿ ಪರದೆ ನೋಡುವ ಹೊತ್ತು ಎರಡನೆಯದಕ್ಕೆ ಶೇ 10ಕ್ಕೂ ತುಸು ಹೆಚ್ಚು ಕಡಿಮೆಯಾಯಿತು. ಹೆಂಗಸರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇದನ್ನು ಕೇಳಿ ಮಾವ, “ಹೆಂಗಸ್ರು ಹೆಂಗಿದ್ರೂ ಓದ್ಕೊತಾರೆ ಬಿಡು” ಅಂದರು. ಚೌಕದ ಅಕ್ಷರ ಕಾರಿನ ಪರದೆಗೆ ಆಧುನಿಕ ಕಳೆ ಕೊಡುತ್ತದೆ, ನಿಜ. ಆದರೆ ಎಲ್ಲ ಅಕ್ಷರಕ್ಕೂ ಒಂದೇ ಮುಖ ಬಂದಾಗ ಕಣ್ಣು ಎರಡು ಸಲ ನೋಡುತ್ತದೆ. ಮುಂದೆ ಅದೇ ಲ್ಯಾಬಿನವರು ಚೀನೀ ಲಿಪಿಗೂ ಇಂಥ ಪರೀಕ್ಷೆ ಮಾಡಿದರು. ಗೆರೆಯ ದಪ್ಪ, ಹಿನ್ನೆಲೆಯ ಬಣ್ಣ ಎಲ್ಲ ಬದಲಿಸಿ ನೋಡಿದರು. ಒಂದೊಂದು ಚೌಕದಲ್ಲಿ ಹತ್ತಾರು ಗೆರೆ ತುಂಬುವ ಲಿಪಿಗೆ ಆದದ್ದು ಒತ್ತಕ್ಷರಕ್ಕೆ ಯಾಕಾಗಬಾರದು?

ಒಂಟಿಕೊಪ್ಪಲಿನಲ್ಲೇ ಎರಡು ಸುತ್ತು ಹಾಕಿ ಮನೆ ಸೇರಿದಾಗ ದೊಡ್ಡಮ್ಮ ಗೇಟಿನಲ್ಲೇ ನಿಂತಿದ್ದರು. “ನೀವೊಬ್ರೇ ಅಲ್ಲ, ಸಿಲಿಂಡರ್ ತರೋನೂ ಮುಂದಕ್ಕೆ ಹೋಗ್ತಾನೆ. ಗೇಟಿಗೊಂದು ರೇಡಿಯಂ ಬೋರ್ಡ್ ಹಾಕಿಸ್ಕೊಡೋ.” ಮನೆಯ ಹೆಸರು ‘ಅನ್ನಪೂರ್ಣ’.

ಹೀಗಾಗಿ ಎಂಟು ಗಂಟೆಗೆ ನೀವೂ ಮಾವನೂ ಒಂದು ಸ್ಟಿಕ್ಕರ್ ಅಂಗಡಿಯಲ್ಲಿ. ಎಂಟಡಿ ಉದ್ದದ ಅಂಗಡಿ, ಗೋಡೆ ತುಂಬ ಬಣ್ಣಬಣ್ಣದ ರೋಲು, ಮೂಲೆಯಲ್ಲಿ ಕಟಿಂಗ್ ಮಿಷನ್ನು. ಹುಡುಗ ಕಂಪ್ಯೂಟರಿನಲ್ಲಿ ಹೆಸರು ಟೈಪು ಮಾಡಿದ. ಪುಸ್ತಕಕ್ಕೆ, ಅರ್ಜಿಗೆ ಬಳಸುವ ಅದೇ ಫಾಂಟು. ಹೆಸರು ತಗಡಿಗಿಂತ ಉದ್ದವಾಯಿತು. ಅವನು ಮೌಸಿನಲ್ಲಿ ಬಲಗಡೆಯ ಅಂಚು ಹಿಡಿದು ಎಡಕ್ಕೆ ಒತ್ತಿದ. ಪರದೆಯ ಮೇಲೆ ‘ಅನ್ನಪೂರ್ಣ’ ಕಣ್ಣೆದುರೇ ಬಡಕಲಾಯಿತು: ನಿಂತ ಗೆರೆಗಳು ಸೊರಗಿದವು, ಮಲಗಿದ ಗೆರೆಗಳು ದಪ್ಪ ಉಳಿದವು, ದುಂಡಗಿದ್ದ ಹೊಟ್ಟೆಗಳು ಮೊಟ್ಟೆಯಾದವು, ‘ನ್ನ’ದ ಒತ್ತು ‘ಪೂ’ದ ಕಾಲಿಗೆ ತಾಗಿತು. ಮಿಷನ್ನು ಚಾಕುವಿನಲ್ಲಿ ಸರಸರ ಗೆರೆ ಎಳೆಯಿತು. ಬೇಡದ ಚೂರುಗಳನ್ನು ಹುಡುಗ ಸೂಜಿಮೊನೆಯಿಂದ ಕಿತ್ತ. ಒತ್ತಿನ ಒಳಗಿನ ಚೂರು ಎಷ್ಟು ಸಣ್ಣದೆಂದರೆ ಅದರ ಜೊತೆ ಒತ್ತಿನ ಅಂಚೂ ಎದ್ದು ಬಂತು.

“ನಿಲ್ಲಪ್ಪಾ,” ಅಂದರು ಮಾವ. “ಪುಸ್ತಕದ ಮೊಳೆನ ದೊಡ್ಡದು ಮಾಡಿದ್ರೆ ಬೋರ್ಡ್ ಆಗಲ್ಲ. ಇನ್ನೊಂದು ಮಾಡು. ಒತ್ತಿ ಬಡಕಲು ಮಾಡ್ಬೇಡ. ಬೇಕಾದ್ರೆ ಎರಡು ಸಾಲು ಮಾಡು. ಅಕ್ಷರ ಅಕ್ಷರಕ್ಕೆ ನಡುವೆ ಗಾಳಿ ಬಿಡು. ಒತ್ತನ್ನ ಕೆಳಗೆ ತಳ್ಬೇಡ, ಬಲಕ್ಕೆ ಸರಿಸಿ ದೊಡ್ಡದು ಮಾಡು.”

ಹುಡುಗನಿಗೆ ಬೇಸರವಾಗಲಿಲ್ಲ, ಬದಲಿಗೆ ಕುತೂಹಲ ಬಂತು. “ಹಳೇ ಪೇಂಟರ್‌ಗಳು ಹಿಂಗೇ ಬರೀತಿದ್ರಲ್ವಾ ಸಾರ್, ಒತ್ತು ಪಕ್ಕಕ್ಕೆ?” ಹೌದು. ಕುಂಚ ಹಿಡಿದವರು ಗೋಡೆಯ ಮೇಲೆ ಬರೆಯುವಾಗ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ ಬರುತ್ತಿದ್ದರು. ಮೌಸಿಗೆ ಆಚೆ ಬದಿಯಿಲ್ಲ.

ಅಂಗಡಿ ನಾಮಫಲಕದಲ್ಲಿ ಶೇ 60 ಕನ್ನಡವಿರಬೇಕು, ಅದೂ ಮೇಲರ್ಧದಲ್ಲಿ ಅಂತ 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ. ಬೇಕಿತ್ತು, ಬಂತು. ಅಲ್ಲಿ ಅಳೆದದ್ದು ಜಾಗವನ್ನು. ವಾಹನದ ನಂಬರ್ ಪ್ಲೇಟಿಗಾದರೆ ಕೇಂದ್ರ ಮೋಟಾರು ವಾಹನ ನಿಯಮಗಳು ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10, ನಡುವಿನ ಅಂತರ 10 ಅಂತ ಕಾರಿಗೆ ಕಟ್ಟುನಿಟ್ಟಾಗಿ ಹೇಳುತ್ತವೆ. ದಪ್ಪಕ್ಕೂ ಅಂತರಕ್ಕೂ ಬೆಲೆಯಿದೆ ಅಂತ ಅಲ್ಲಿ ಯಾರಿಗೋ ಹೊಳೆದಿತ್ತು. ಆದರೆ ಆ ಅಂಕಿಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ.

ಬೆಳಿಗ್ಗೆ ಏಳು. ರಸ್ತೆ ಇನ್ನೂ ಖಾಲಿ. ಗೇಟಿನ ಎರಡು ಕಂಬಕ್ಕೆ ಎರಡು ತಗಡು ಕಟ್ಟಿದ್ದೀರಿ: ಎಡಕ್ಕೆ ಒತ್ತಿ ಕುಗ್ಗಿಸಿದ್ದು, ಬಲಕ್ಕೆ ಗಾಳಿ ಬಿಟ್ಟದ್ದು. ಮಾವ ಕನ್ನಡಕ ಒರೆಸಿಕೊಂಡು ಹಿಂದೆ ಹಿಂದೆ ನಡೆಯುತ್ತಾರೆ. ನೀವೂ ಜೊತೆಗೆ. ಪಕ್ಕದ ಮನೆಯ ಗೇಟು ಬರುವಷ್ಟರಲ್ಲಿ ಎಡಗಡೆಯ ‘ನ್ನ’ದ ಒತ್ತು ಕಲೆಯಾಯಿತು. ಇನ್ನೂ ಸ್ವಲ್ಪ ಹಿಂದೆ, ‘ರ್ಣ’ದ ಅರ್ಕಾವತ್ತು ‘ಣ’ಕ್ಕೇ ಅಂಟಿಕೊಂಡಿತು. ಲೈಟುಕಂಬದ ಹತ್ತಿರ ಎಡದ ತಗಡು ಬರೀ ಬಿಳಿ ಪಟ್ಟಿ. ಬಲದ್ದು ಇನ್ನೂ ನಿಂತಿದೆ.

ಅಲ್ಲಿ ಒಂದು ಸೋಜಿಗ. ಲೈಟುಕಂಬವನ್ನೂ ದಾಟಿ, ಅಕ್ಷರ ಒಂದೊಂದಾಗಿ ಬಿಡಿಸಿ ಓದಲಾಗದಷ್ಟು ದೂರ ಹೋದ ಮೇಲೂ ಬಲದ ತಗಡಿನ ಆಕಾರ ಉಳಿದಿತ್ತು. ಮೊದಲ ಸಾಲಿನಲ್ಲಿ ಬಲಕ್ಕೆ ಸರಿದ ಒಂದು ಗಂಟು, ಎರಡನೆಯದರಲ್ಲಿ ‘ಪೂ’ದ ಬಾಲ, ಕೊನೆಗೊಂದು ಕೊಕ್ಕೆ. ಹೆಸರು ಗೊತ್ತಿದ್ದವರಿಗೆ ಅಷ್ಟು ಸಾಕು. ಇಂಗ್ಲಿಷಿನ ದೊಡ್ಡಕ್ಷರದ ಸಾಲು ದೂರದಿಂದ ಇಟ್ಟಿಗೆಯಂತೆ ಚಪ್ಪಟೆ. ಮೇಲೆ ಕೆಳಗೆ ಏರಿಳಿತ ಬರಲಿ ಅಂತಲೇ ಕಿನ್ನೀರ್ ಜೋಡಿ ಸಣ್ಣಕ್ಷರಕ್ಕೆ ಹೋದದ್ದೆಂದು ಹೇಳುತ್ತಾರೆ. ಕಣ್ಣು ಪದದ ಹೊರಗೆರೆಗಿಂತ ಅಕ್ಷರಗಳನ್ನೇ ಹಿಡಿಯುತ್ತದೆ ಅಂತ ಈಚಿನ ಓದಿನ ವಿಜ್ಞಾನಿಗಳು ವಾದಿಸುತ್ತಾರೆ, ಇರಲಿ. ಗುಡಿಸು, ಕೊಂಬು, ಒತ್ತುಗಳ ಏರಿಳಿತ ಕನ್ನಡಕ್ಕೆ ಹುಟ್ಟಿನಿಂದಲೇ ಇದೆ. ಬೋರ್ಡಿನಲ್ಲಿ ಜಾಗ ತಿನ್ನುತ್ತದೆ ಅಂತ ನಿನ್ನೆ ಮಾವ ಬೈದ ಒತ್ತೇ ಈಗ ಅವರಿಗೆ ಮನೆಯ ಗುರುತು ಹೇಳುತ್ತಿದೆ. ಅದನ್ನು ಮುದುಡಿ ಸಾಲಿನೊಳಗೆ ತುರುಕುವುದೋ, ದಪ್ಪವಾಗಿ ಬಿಡಿಸಿ ಕೂರಿಸುವುದೋ ಬರೆಯುವವನ ಕೈಯಲ್ಲಿದೆ.

“ಒಳಗ್ ಬರ್ತೀರೋ, ಇಲ್ಲಾ ಅಲ್ಲೇ ನಿಂತು ಬೀದಿಯೋರಿಗೆಲ್ಲ ತಮಾಷೆ ತೋರಿಸ್ತೀರೋ?” ದೊಡ್ಡಮ್ಮ ಗೇಟಿನಿಂದ ಕೂಗುತ್ತಾರೆ. “ಜಯದೇವದಲ್ಲಿ ಲೈನು ಬೆಳೆಯುತ್ತೆ.”

ಮಾವ ಕದಲುವುದಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಬಲದ ತಗಡನ್ನೇ ನೋಡುತ್ತಿದ್ದಾರೆ.

“ಅಳಿಯಂದ್ರೇ, ಮಧ್ಯಾಹ್ನ ಆಸ್ಪತ್ರೆಯಿಂದ ಬರೋವಾಗ ಆ ಹುಡುಗನ ಹತ್ರ ಇನ್ನೊಂದ್ಸಲ ನಿಲ್ಸು. ಅರ್ಕಾವತ್ತನ್ನ ಇನ್ನೂ ಒಂದು ಬೆರಳು ಆಚೆಗೆ ಸರಿಸ್ಬೇಕು.”